ಬೇರೆ ಊರಿನಿಂದ ಬಂದ ಓಟಗಾರ: ಓಹಾಯೊ ಸ್ಟೇಟ್, ಜಡ್ಕಿನ್ಸ್ ಮತ್ತು ಟ್ರಾನ್ಸ್‌ಫರ್ ರನ್ನಿಂಗ್ ಬ್ಯಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕೊಲಂಬಸ್‌ನಲ್ಲಿ ಶನಿವಾರ ಯಾವ ಕಾರ್ಯಕ್ರಮ ಇಟ್ಟುಕೊಂಡರೂ ಮೊದಲು ಈ ಊರಿನ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ ಎಷ್ಟು ಗಂಟೆಗೆ ಎಂದು ನೋಡಬೇಕು. ಗಣೇಶನ ಹಬ್ಬದ ಊಟಕ್ಕೆ ಕರೆಯುವುದಾದರೂ ಅಷ್ಟೇ. ಇಲ್ಲಿಗೆ ಓದಲು ಬಂದ ನಮ್ಮ ಹುಡುಗರು, ಕೆಲಸಕ್ಕೆ ಬಂದು ನೆಲೆಸಿದವರು, ಮಕ್ಕಳ ಮನೆಗೆ ಆರು ತಿಂಗಳು ಬಂದಿರುವ ಅಪ್ಪ ಅಮ್ಮಂದಿರು, ಎಲ್ಲರೂ ಟೀವಿ ಮುಂದೆ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅದರಲ್ಲೂ 2024ರಲ್ಲಿ ಬೇರೆ ಕಾಲೇಜಿನಿಂದ ಬಂದ ಜಡ್ಕಿನ್ಸ್ ಎಂಬ ಓಟಗಾರ ಒಂದೇ ವರ್ಷ ಆಡಿ, ರಾಷ್ಟ್ರೀಯ ಪ್ರಶಸ್ತಿಯಲ್ಲಿ ಪಾಲು ಪಡೆದು ಹೋದ ಮೇಲೆ ‘ಈ ಟ್ರಾನ್ಸ್‌ಫರ್ ಅಂದರೆ ಏನು, ಸರಿಯೇ, ತಪ್ಪೇ’ ಎಂಬ ಮಾತು ನಿಂತೇ ಇಲ್ಲ. ಹೇಳಿ ಹೇಳಿ ಬಾಯಿಪಾಠವಾದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲು ಇದು ಹೇಳಿ: ರನ್ನಿಂಗ್ ಬ್ಯಾಕ್ ಎಂದರೆ ಯಾರು?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಮುಂದೆ ಹೋಗಲು ಎರಡೇ ದಾರಿ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬೇಕು, ಇಲ್ಲವೇ ಹಿಂದೆ ನಿಂತವನ ಹೊಟ್ಟೆಗೆ ಚೆಂಡು ಒತ್ತಿ ‘ಓಡು’ ಅನ್ನಬೇಕು. ಹಾಗೆ ಚೆಂಡು ತಬ್ಬಿಕೊಂಡು ಗುಂಪಿನೊಳಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಚೆಂಡಿನೊಂದಿಗೆ ಎದುರಾಳಿಯ ಗೋಲ್ ಗೆರೆ ದಾಟಿದರೆ ಅದು ಟಚ್‌ಡೌನ್.

ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೇಡರ್ ಗೆರೆ ದಾಟಿ ಒಳಗೆ ಹೋದಾಗ ಮೂಲೆಯವನು ಕಾಲಿಗೆ ಬೀಳುತ್ತಾನೋ, ನಡುವಿನವರು ಕೈಕೈ ಹಿಡಿದು ಅಡ್ಡ ಬರುತ್ತಾರೋ ಎಂದು ಅರೆಕ್ಷಣದಲ್ಲಿ ಲೆಕ್ಕ ಹಾಕುತ್ತಾನಲ್ಲ, ಇವನದೂ ಅದೇ ಲೆಕ್ಕ. ರೇಡರ್ ಒಬ್ಬನೇ ಹೋಗುತ್ತಾನೆ. ಇವನಿಗೆ ದಾರಿ ಬಿಡಿಸಲು ಮುಂದೆ ಐದು ಜನ ದೈತ್ಯರಿರುತ್ತಾರೆ. ಅವರು ಬಿಡಿಸಿದ ಸಂದು ಮುಚ್ಚಿಕೊಳ್ಳುವ ಮುಂಚೆ ಅದನ್ನು ಕಂಡು ನುಗ್ಗುವುದೇ ಇವನ ವಿದ್ಯೆ.

ಟ್ರಾನ್ಸ್‌ಫರ್ ಎಂದರೆ ಐಪಿಎಲ್ ಹರಾಜಿನ ಥರವೇ?

ಅಲ್ಲ. ಹರಾಜಿನಲ್ಲಿ ಆಟಗಾರನನ್ನು ತಂಡ ಆರಿಸುತ್ತದೆ. ಇಲ್ಲಿ ಆಟಗಾರನೇ ತಾನು ಓದುತ್ತಿರುವ ಕಾಲೇಜಿಗೆ ‘ಹೊರಡುತ್ತೇನೆ’ ಎಂದು ತಿಳಿಸಿ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುವ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸುವವರ ಪಟ್ಟಿಯಲ್ಲಿ, ಹೆಸರು ಹಾಕಿಸಿಕೊಳ್ಳುತ್ತಾನೆ. ಆಮೇಲೆ ಬೇರೆ ಕಾಲೇಜುಗಳ ಕೋಚ್‌ಗಳು ಅವನನ್ನು ಸಂಪರ್ಕಿಸಬಹುದು. ಎಲ್ಲಿಗೆ ಸೇರಬೇಕು ಎಂಬುದು ಅವನ ತೀರ್ಮಾನ.

ನಮ್ಮ ರಣಜಿಯ ಹೋಲಿಕೆ ಇದಕ್ಕೆ ಹತ್ತಿರ. ಕರುಣ್ ನಾಯರ್ 2023ರಲ್ಲಿ ಕರ್ನಾಟಕದಿಂದ ನಿರಾಕ್ಷೇಪಣಾ ಪತ್ರ ಪಡೆದು ವಿದರ್ಭಕ್ಕೆ ಹೋದದ್ದು ನೆನಪಿರಬಹುದು. ಟೆಸ್ಟ್‌ನಲ್ಲಿ ತ್ರಿಶತಕ ಹೊಡೆದವನಿಗೆ ತವರಿನ ತಂಡದಲ್ಲಿ ಜಾಗ ಇರಲಿಲ್ಲ. ವಿದರ್ಭಕ್ಕೆ ಬೇಕಾಗಿದ್ದದ್ದು ಅಂಥ ಅನುಭವವೇ. 2024–25ರ ರಣಜಿ ಫೈನಲ್‌ನಲ್ಲಿ ಕೇರಳದ ಎದುರು ಅವನು ಶತಕ ಹೊಡೆದ, ವಿದರ್ಭ ಪ್ರಶಸ್ತಿ ಎತ್ತಿತು. ಬಿಟ್ಟು ಹೋಗುವ ನೋವು, ಬರಮಾಡಿಕೊಂಡವರ ಲಾಭ ಎರಡನ್ನೂ ನಾವು ಕಂಡವರೇ. ಹಾಗಾಗಿ ‘ಕಾಲೇಜು ಬದಲಿಸುವ ಹುಡುಗರಿಗೆ ನಿಷ್ಠೆಯಿಲ್ಲ’ ಎಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ.

ಹಿಂದೆ ಹೀಗೆ ಸುಲಭವಾಗಿ ಹೋಗಲು ಬಿಡುತ್ತಿರಲಿಲ್ಲ ಅಲ್ಲವೇ?

ಬಿಡುತ್ತಿರಲಿಲ್ಲ. ಮೊದಲು ಬೇರೆ ಕಾಲೇಜಿನ ಜತೆ ಮಾತಾಡಬೇಕಾದರೂ ಇರುವ ಕಾಲೇಜಿನ ಅನುಮತಿ ಬೇಕಿತ್ತು. ಹೋದ ಮೇಲೂ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರ್‌ನಲ್ಲಿ. 2021ರಲ್ಲಿ ಒಂದು ಸಲ ಬದಲಿಸಿದರೆ ಕೂರಬೇಕಾಗಿಲ್ಲ ಎಂಬ ನಿಯಮ ಬಂತು. 2023ರ ಕೊನೆಯಲ್ಲಿ ವಿಷಯ ಕೋರ್ಟಿಗೆ ಹೋಗಿ, 2024ರ ಏಪ್ರಿಲ್‌ನಲ್ಲಿ ಎನ್‌ಸಿಎಎ ಆ ‘ಒಂದು ಸಲ’ವನ್ನೂ ತೆಗೆದುಹಾಕಿತು. ಓದಿನಲ್ಲಿ ಅರ್ಹತೆ ಉಳಿಸಿಕೊಂಡಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಫುಟ್‌ಬಾಲ್‌ಗೆ ವರ್ಷಪೂರ್ತಿ ಬಾಗಿಲು ತೆರೆದಿರುವುದಿಲ್ಲ. ಮೊದಲು ಚಳಿಗಾಲಕ್ಕೊಂದು, ವಸಂತಕ್ಕೊಂದು ಅವಧಿ ಇತ್ತು. 2026ರಿಂದ ಜನವರಿ 2ರಿಂದ 16ರವರೆಗೆ ಒಂದೇ ಅವಧಿ.

ಕೂರುವ ವರ್ಷದ ಸಂಕಟ ರನ್ನಿಂಗ್ ಬ್ಯಾಕ್‌ಗೆ ಎಲ್ಲರಿಗಿಂತ ಹೆಚ್ಚು. ಅವನ ದೇಹದಲ್ಲಿರುವ ಒಳ್ಳೆಯ ವರ್ಷಗಳೇ ಕಡಿಮೆ. ಅದರಲ್ಲಿ ಒಂದನ್ನು ಬೆಂಚಿನ ಮೇಲೆ ಕಳೆ ಎನ್ನುವುದು ದೊಡ್ಡ ಶಿಕ್ಷೆಯೇ ಆಗಿತ್ತು.

ಜಡ್ಕಿನ್ಸ್ ಯಾರು?

ಕ್ವಿನ್‌ಶಾನ್ ಜಡ್ಕಿನ್ಸ್ ಅಲಬಾಮಾ ರಾಜ್ಯದ ಪೈಕ್ ರೋಡ್ ಎಂಬ ಸಣ್ಣ ಊರಿನ ಹುಡುಗ. 2022ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ, ಎಲ್ಲರೂ ಓಲ್ ಮಿಸ್ ಅನ್ನುವ ತಂಡಕ್ಕೆ ಸೇರಿದ. ಮೊದಲ ವರ್ಷವೇ 274 ಬಾರಿ ಚೆಂಡು ಹಿಡಿದು ಓಡಿ 1,567 ಯಾರ್ಡ್, 16 ಟಚ್‌ಡೌನ್. ಎರಡನೇ ವರ್ಷ 271 ಬಾರಿ, 1,158 ಯಾರ್ಡ್, 15 ಟಚ್‌ಡೌನ್. 2024ರ ಜನವರಿಯಲ್ಲಿ ಪೋರ್ಟಲ್‌ಗೆ ಹೆಸರು ಕೊಟ್ಟ. ಕೆಲವೇ ದಿನಗಳಲ್ಲಿ ಓಹಾಯೊ ಸ್ಟೇಟ್‌ಗೆ ಬರುವುದಾಗಿ ಹೇಳಿದ.

ಈ ಅಂಕಿಗಳಲ್ಲಿ ಕಣ್ಣಿಗೆ ಬೀಳಬೇಕಾದದ್ದು ಯಾರ್ಡ್ ಅಲ್ಲ, 274 ಮತ್ತು 271. ಎರಡು ವರ್ಷದಲ್ಲಿ 545 ಸಲ ಗುಂಪಿನೊಳಗೆ ನುಗ್ಗಿದ್ದಾನೆ. ಬಹುತೇಕ ಪ್ರತಿ ಸಲವೂ ಕೊನೆಗೆ ಯಾರೋ ಒಬ್ಬರು ಅಥವಾ ಮೂವರು ಅವನನ್ನು ನೆಲಕ್ಕೆ ಕೆಡವಿದ್ದಾರೆ. ಪಂದ್ಯಕ್ಕೆ ಸುಮಾರು 21 ಸಲ. ಈ 21 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಓಹಾಯೊ ಸ್ಟೇಟ್‌ನಲ್ಲಿ ಆಗಲೇ ಹೆಂಡರ್‌ಸನ್ ಎಂಬ ಓಟಗಾರ ಇದ್ದನಲ್ಲ. ಇನ್ನೊಬ್ಬ ಯಾಕೆ ಬೇಕಾಯಿತು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

2023ರ ಋತು ಇಲ್ಲಿಯವರಿಗೆ ಕಹಿಯಾಗಿಯೇ ಮುಗಿದಿತ್ತು. ಹಳೆಯ ಪೈಪೋಟಿಯ ಮಿಷಿಗನ್ ಎದುರು 30–24ರಲ್ಲಿ ಸೋಲು, ಅದೂ ಸತತ ಮೂರನೇ ವರ್ಷ. ಆಮೇಲೆ ಋತುವಿನ ಕೊನೆಯ ಪಂದ್ಯವಾದ ಕಾಟನ್ ಬೌಲ್‌ನಲ್ಲಿ ಮಿಸೌರಿ ಎದುರು 14–3ರಲ್ಲಿ ಸೋಲು. ಇಡೀ ಪಂದ್ಯದಲ್ಲಿ ಮೂರೇ ಅಂಕ! ಕ್ವಾರ್ಟರ್‌ಬ್ಯಾಕ್ ಆಗಲೇ ಬೇರೆ ಕಾಲೇಜಿಗೆ ಹೊರಟಿದ್ದ. ಓಟಗಾರರ ಸಾಲಿನಲ್ಲೂ ಒಬ್ಬೊಬ್ಬರೇ ಖಾಲಿಯಾಗುತ್ತಿದ್ದರು.

ಟ್ರೆವಿಯಾನ್ ಹೆಂಡರ್‌ಸನ್ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಬಹುದಾಗಿದ್ದರೂ ಇನ್ನೊಂದು ವರ್ಷ ಉಳಿಯಲು ನಿರ್ಧರಿಸಿದ. ಅವನ ವೇಗಕ್ಕೆ ಸಾಟಿಯಿಲ್ಲ. ಮೊದಲ ವರ್ಷ, 2021ರಲ್ಲಿ, ಟಲ್ಸಾ ಎದುರು ಒಂದೇ ಪಂದ್ಯದಲ್ಲಿ 277 ಯಾರ್ಡ್ ಓಡಿ, ಆರ್ಚಿ ಗ್ರಿಫಿನ್ ಹೆಸರಿನಲ್ಲಿದ್ದ ಮೊದಲ ವರ್ಷದ ಆಟಗಾರರ ದಾಖಲೆ ಮುರಿದವನು. ಗ್ರಿಫಿನ್ ಅಂದರೆ ಈ ಊರಿನವರೇ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯನ್ನು 1974 ಮತ್ತು 1975ರಲ್ಲಿ ಎರಡು ಸಲ ಗೆದ್ದವರು. ಅಂಥವರ ದಾಖಲೆ ಮುರಿದ ಹುಡುಗ 2022ರಲ್ಲಿ ಕಾಲಿನ ಗಾಯದಿಂದ ನರಳಿದ. ಅವನೊಬ್ಬನ ಮೇಲೆ ಪಂದ್ಯಕ್ಕೆ 21 ಸಲದ ಭಾರ ಹೊರಿಸಿದ್ದರೆ ಜನವರಿ ಹೊತ್ತಿಗೆ ಏನು ಉಳಿಯುತ್ತಿತ್ತು?

ಇನ್ನೊಂದು ಕಾರಣ, 2024ರಿಂದ ರಾಷ್ಟ್ರೀಯ ಪ್ರಶಸ್ತಿಗೆ ನಡೆಯುವ ಪ್ಲೇಆಫ್‌ಗೆ ನಾಲ್ಕರ ಬದಲು ಹನ್ನೆರಡು ತಂಡಗಳು. ಪ್ರಶಸ್ತಿ ಗೆಲ್ಲಬೇಕಾದರೆ 16 ಪಂದ್ಯ ಆಡಬೇಕಾಗಬಹುದು. ಒಂದೇ ಎತ್ತಿನಿಂದ ಅಷ್ಟು ಹೊಲ ಉಳಲಾಗುವುದಿಲ್ಲ. ಜೋಡಿ ಬೇಕು. ಅದೂ ಎಳೆಗರು ಅಲ್ಲ, ನೊಗ ಹೊತ್ತು ಪಳಗಿದ್ದು.

ಇಬ್ಬರು ನಾಯಕರು ಒಂದೇ ಜಾಗಕ್ಕೆ. ಜಗಳ ಆಗಲಿಲ್ಲವೇ?

ಆಗಲಿಲ್ಲ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಋತುವಿನ ಕೊನೆಯ ಲೆಕ್ಕ ನೋಡಿ: ಜಡ್ಕಿನ್ಸ್ 194 ಸಲ ಓಡಿ 1,060 ಯಾರ್ಡ್, 14 ಟಚ್‌ಡೌನ್. ಹೆಂಡರ್‌ಸನ್ 144 ಸಲ ಓಡಿ 1,016 ಯಾರ್ಡ್, 10 ಟಚ್‌ಡೌನ್. ಇಬ್ಬರೂ ಸಾವಿರ ದಾಟಿದರು. ಕೂಡಿಸಿದರೆ 338 ಸಲ. ಹದಿನಾರು ಪಂದ್ಯಕ್ಕೆ ಹಂಚಿದರೆ ಎಷ್ಟು? ಅದೇ 21! ಓಲ್ ಮಿಸ್‌ನಲ್ಲಿ ಜಡ್ಕಿನ್ಸ್ ಒಬ್ಬನೇ ಹೊತ್ತಿದ್ದ ಭಾರವನ್ನು ಇಲ್ಲಿ ಇಬ್ಬರು ಹೊತ್ತರು. ಅವನ ಪಾಲಿಗೆ ಬಂದದ್ದು ಪಂದ್ಯಕ್ಕೆ ಹನ್ನೆರಡು ಸಲ.

ಇಬ್ಬರ ಓಟದ ಬಗೆಯೂ ಬೇರೆ. ಜಡ್ಕಿನ್ಸ್ ತುಂಬಿದ ಮೈಯವನು, ನಡುವೆ ನುಗ್ಗಿ ಎರಡು ಯಾರ್ಡ್‌ನ ಜಾಗದಲ್ಲಿ ನಾಲ್ಕು ಕೀಳುವವನು. ಹೆಂಡರ್‌ಸನ್‌ಗೆ ಬದಿಯಲ್ಲಿ ಒಂದು ಬಿರುಕು ಸಿಕ್ಕರೆ ಸಾಕು, ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಟೆಕ್ಸಸ್ ಎದುರಿನ ಸೆಮಿಫೈನಲ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆವು. ಮೊದಲಾರ್ಧ ಮುಗಿಯುತ್ತಿದ್ದಾಗ ಹೆಂಡರ್‌ಸನ್ ಒಂದು ಸಣ್ಣ ಪಾಸ್ ಹಿಡಿದು 75 ಯಾರ್ಡ್ ಓಡಿದ. ಕೊನೆಯ ಹಂತದಲ್ಲಿ ಸಮಬಲ ಮುರಿಯಲು ಒಂದು ಯಾರ್ಡ್ ಬೇಕಾದಾಗ ಚೆಂಡು ಹೋದದ್ದು ಜಡ್ಕಿನ್ಸ್ ಕೈಗೆ.

ಹುಡುಗ ಬಂದ ಮೇಲೆ ಅವನನ್ನು ಕರೆತಂದ ಕೋಚ್ ಹೊರಟುಬಿಟ್ಟರಂತೆ, ನಿಜವೇ?

ನಿಜ. ಓಟಗಾರರ ಕೋಚ್ ಟೋನಿ ಆಲ್ಫರ್ಡ್ 2024ರ ಮಾರ್ಚ್‌ನಲ್ಲಿ ಹೊರಟರು. ಹೋದದ್ದು ಬೇರೆಲ್ಲಿಗೂ ಅಲ್ಲ, ಮಿಷಿಗನ್‌ಗೆ. ಆ ವಾರ ಇಲ್ಲಿಯವರ ಮುಖ ನೋಡುವಂತಿರಲಿಲ್ಲ. ಮುಖ್ಯ ಕೋಚ್ ರಯಾನ್ ಡೇ ಅವರು ಓರೆಗನ್‌ನಿಂದ ಕಾರ್ಲೋಸ್ ಲಾಕ್ಲಿನ್ ಅವರನ್ನು ಕರೆತಂದರು. ಆಟದ ಯೋಜನೆ ನೋಡಿಕೊಳ್ಳಲು ಫೆಬ್ರವರಿಯಲ್ಲೇ ಚಿಪ್ ಕೆಲ್ಲಿ ಬಂದಿದ್ದರು.

ಅಂದರೆ ಜಡ್ಕಿನ್ಸ್‌ಗೆ ಊರು ಹೊಸದು, ಯೋಜನೆ ಹೊಸದು, ನಂಬಿ ಬಂದ ಗುರುವೂ ಇಲ್ಲ. ಹದಿನೆಂಟರ ಹುಡುಗನಾಗಿದ್ದರೆ ಕಂಗಾಲಾಗುತ್ತಿದ್ದ. ಎರಡು ವರ್ಷ ದೊಡ್ಡ ತಂಡಗಳ ಎದುರು ಆಡಿ ಬಂದವನು ತನ್ನ ಪಾಡಿಗೆ ತಾನು ಅಭ್ಯಾಸ ಮುಂದುವರಿಸಿದ. ಅನುಭವಿಯನ್ನು ತರುವುದರ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

‘ಅನುಭವ’ ಅನ್ನುತ್ತೀರಿ. ಓಡುವುದಕ್ಕೆ ಅನುಭವ ಯಾಕೆ? ಕಾಲಿನಲ್ಲಿ ಬಲ ಇದ್ದರೆ ಸಾಲದೇ?

ಓಟ ಹುಟ್ಟಿನಿಂದ ಬರಬಹುದು. ಚೆಂಡು ಕೈಯಲ್ಲಿ ಇಲ್ಲದಾಗ ಏನು ಮಾಡಬೇಕು ಎಂಬುದು ಹುಟ್ಟಿನಿಂದ ಬರುವುದಿಲ್ಲ.

ಮುಂದಿನ ಪಂದ್ಯದಲ್ಲಿ ಮೂರನೇ ಅವಕಾಶ, ಎಂಟು ಯಾರ್ಡ್ ಬೇಕು ಎಂಬ ಹೊತ್ತು ಬಂದಾಗ ಚೆಂಡನ್ನು ನೋಡಬೇಡಿ, ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತವನನ್ನು ನೋಡಿ. ಮಂಡಿ ಸ್ವಲ್ಪ ಬಾಗಿರುತ್ತದೆ, ಕೈ ತೊಡೆಯ ಮೇಲೆ. ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಎದುರಾಳಿಯ ಎರಡನೇ ಸಾಲಿನಲ್ಲಿ ನಿಲ್ಲುವ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬ ಮುಂದೆ ಬಂದಂತೆ ಮಾಡಿ ಹಿಂದೆ ಸರಿಯುತ್ತಾನೆ. ಇನ್ನೊಬ್ಬ ಏನೂ ಅರಿಯದವನಂತೆ ನಿಂತಿರುತ್ತಾನೆ. ಚೆಂಡು ಹಿಂದಕ್ಕೆ ಬಂದ ತಕ್ಷಣ, ಸುಮ್ಮನೆ ನಿಂತಿದ್ದ ಆ ಎರಡನೆಯವನು ಸಂದಿನಿಂದ ಬಾಣದಂತೆ ನುಗ್ಗುತ್ತಾನೆ. ಅವನ ತೂಕ 230 ಪೌಂಡ್ ಇರಬಹುದು, ಗುರಿ ನಮ್ಮ ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬು. ರನ್ನಿಂಗ್ ಬ್ಯಾಕ್ ಹಿಂದೆ ಸರಿಯದೆ ಒಂದು ಹೆಜ್ಜೆ ಮುಂದಿಟ್ಟು, ಸೊಂಟ ತಗ್ಗಿಸಿ, ಎರಡೂ ಅಂಗೈಯಿಂದ ಅವನ ಎದೆಗೆ ಕೊಡಬೇಕು. ಒಂದು ಹೆಜ್ಜೆ ತಡವಾದರೆ ಇಬ್ಬರೂ ಸೇರಿ ಕ್ವಾರ್ಟರ್‌ಬ್ಯಾಕ್ ಮೇಲೆ ಬೀಳುತ್ತಾರೆ. ತಪ್ಪಾದವನನ್ನು ತಡೆದರೆ ಸರಿಯಾದವನು ಬಂದುಬಿಡುತ್ತಾನೆ. ಇದೆಲ್ಲ ಮುಗಿಯುವುದು ಎರಡೂವರೆ ಸೆಕೆಂಡಿನಲ್ಲಿ. ಹೆಂಡರ್‌ಸನ್ ಈ ಕೆಲಸದಲ್ಲಿ 2024ರ ಹೊತ್ತಿಗೆ ದೇಶದಲ್ಲೇ ಹೆಸರು ಮಾಡಿದ್ದ. ತನ್ನ ಓಟದ ಹೆಸರು ಬದಿಗಿಟ್ಟು ಬೇರೊಬ್ಬನನ್ನು ಕಾಯಲು ಮೈ ಕೊಡುತ್ತಿದ್ದ ಅವನನ್ನು ನೋಡುವಾಗ ನನ್ನ ಗಂಟಲು ಕಟ್ಟುತ್ತಿತ್ತು.

ಎರಡನೆಯದು ತಾಳ್ಮೆ. ಎಳೆಯ ಓಟಗಾರ ಚೆಂಡು ಸಿಕ್ಕ ಕೂಡಲೇ ಓಡುತ್ತಾನೆ. ಪಳಗಿದವನು ಅರೆಹೆಜ್ಜೆ ಕಾಯುತ್ತಾನೆ, ಮುಂದಿನವರು ದಾರಿ ಬಿಡಿಸಲಿ ಎಂದು. ಮೂರನೆಯದು ಚೆಂಡನ್ನು ಬಿಡದಿರುವುದು. ಐದು ಬೆರಳೂ ಚೆಂಡಿನ ಮೂತಿಗೆ, ಮೊಣಕೈ ಪಕ್ಕೆಗೆ ಒತ್ತಿಕೊಂಡು ಬೀಳುವುದನ್ನು ದೇಹಕ್ಕೆ ನೂರಾರು ಸಲ ಬಿದ್ದೇ ಕಲಿಸಬೇಕು.

ಹಾಗಾದರೆ ಅವನು ಬಂದು ಆದ ಲಾಭವನ್ನು ಒಂದು ಪಂದ್ಯದಲ್ಲಿ ತೋರಿಸಿ.

2024ರ ನವೆಂಬರ್ 2, ಪೆನ್ ಸ್ಟೇಟ್ ಮೈದಾನ. ಓಹಾಯೊ ಸ್ಟೇಟ್ 20–13 ಮುಂದಿತ್ತು. ಪೆನ್ ಸ್ಟೇಟ್ ಗೋಲ್ ಗೆರೆಯ ಬಾಗಿಲಿಗೆ ಬಂದು ನಾಲ್ಕು ಅವಕಾಶದಲ್ಲೂ ಒಳಗೆ ಹೋಗಲಾಗಲಿಲ್ಲ. ಚೆಂಡು ನಮಗೆ ಸಿಕ್ಕಿತು, ಆದರೆ ಸಿಕ್ಕಿದ್ದು ನಮ್ಮದೇ ಒಂದು ಯಾರ್ಡ್ ಗೆರೆಯಲ್ಲಿ. ಐದು ನಿಮಿಷ ಚಿಲ್ಲರೆ ಉಳಿದಿದೆ. ಲಕ್ಷಕ್ಕೂ ಹೆಚ್ಚು ಜನ ಎದುರಾಳಿಗಾಗಿ ಕೂಗುತ್ತಿದ್ದಾರೆ. ಅಲ್ಲಿಂದ ಪಂದ್ಯ ಮುಗಿಯುವವರೆಗೆ ಒಂದೇ ಒಂದು ಪಾಸ್ ಎಸೆಯಲಿಲ್ಲ. ಓಟ, ಮತ್ತೆ ಓಟ, ಮತ್ತೆ ಓಟ. ಗಡಿಯಾರ ಕರಗಿಹೋಯಿತು, ಪೆನ್ ಸ್ಟೇಟ್‌ಗೆ ಚೆಂಡು ಮತ್ತೆ ಸಿಗಲೇ ಇಲ್ಲ.

ಆ ಹೊತ್ತಿನ ಓಟಗಳಲ್ಲಿ ದಾಖಲೆ ಪುಸ್ತಕಕ್ಕೆ ಹೋಗುವಂಥದ್ದು ಒಂದೂ ಇಲ್ಲ. ನಾಲ್ಕು ಯಾರ್ಡ್, ಆರು ಯಾರ್ಡ್ ಅಂಥವೇ ಹೆಚ್ಚು. ನಾವು ಐದಾರು ಮನೆಯವರು ಒಟ್ಟಿಗೆ ಕೂತು ನೋಡುತ್ತಿದ್ದೆವು. ಮೊದಲ ಸಲ ಈ ಆಟ ನೋಡುತ್ತಿದ್ದ ಒಬ್ಬ ಅಜ್ಜಿ, ‘ಇವರು ಎಸೆಯುವುದನ್ನೇ ಬಿಟ್ಟರಲ್ಲ’ ಎಂದರು. ಬಿಟ್ಟದ್ದೇ ಗೆಲುವಾಗಿತ್ತು.

ಅಷ್ಟೆಲ್ಲ ಇದ್ದೂ ಮಿಷಿಗನ್ ಎದುರು ಹೇಗೆ ಸೋತರು?

ಈ ಪ್ರಶ್ನೆಗೆ ಉತ್ತರಿಸಲು ಈಗಲೂ ಕಷ್ಟವಾಗುತ್ತದೆ. ನವೆಂಬರ್ 30, ನಮ್ಮದೇ ಮೈದಾನ, 13–10. ಆ ದಿನ 26 ಸಲ ಓಡಿ ಸಿಕ್ಕಿದ್ದು 77 ಯಾರ್ಡ್. ಓಟಗಾರರು ಅವರೇ, ದಾರಿ ಬಿಡಿಸುವವರು ಬೇರೆ. ಎಡ ಅಂಚಿನ ಜಾಶ್ ಸಿಮನ್ಸ್ ಅಕ್ಟೋಬರ್‌ನಲ್ಲಿ ಓರೆಗನ್ ಪಂದ್ಯದಲ್ಲೇ ಗಾಯಗೊಂಡಿದ್ದ. ನಡುವಿನ ಸೆತ್ ಮೆಕ್‌ಲಾಫ್ಲಿನ್, ಅವನೂ ಅಲಬಾಮಾದಿಂದ ಟ್ರಾನ್ಸ್‌ಫರ್ ಆಗಿ ಬಂದವನೇ, ನವೆಂಬರ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಮಿಷಿಗನ್‌ನ ನಡುಸಾಲು ಗೋಡೆಯಂತಿತ್ತು. ಹಾಗಿದ್ದೂ ಆ ಗೋಡೆಗೇ ಮತ್ತೆ ಮತ್ತೆ ಓಡಿಸಿದರು. ಅದು ಯೋಜನೆ ಮಾಡಿದವರ ತಪ್ಪು ಎಂದೇ ನನ್ನ ಅಭಿಪ್ರಾಯ. ಎಂಥ ಓಟಗಾರನನ್ನು ತಂದರೂ ಮುಂದಿನ ಐವರು ಸಂದು ಕೊಡದಿದ್ದರೆ ಅವನು ಏನೂ ಮಾಡಲಾರ.

ಫೈನಲ್‌ನಲ್ಲಿ ಜಡ್ಕಿನ್ಸ್ ಏನು ಮಾಡಿದ?

2025ರ ಜನವರಿ 20, ಅಟ್ಲಾಂಟಾ. ಎದುರಾಳಿ ನೋಟರ್ ಡೇಮ್. ಅವರು ಮೊದಲ ಸರದಿಯಲ್ಲೇ ಹದಿನೆಂಟು ಆಟ ಆಡಿ, ಸುಮಾರು ಹತ್ತು ನಿಮಿಷ ಚೆಂಡು ಇಟ್ಟುಕೊಂಡು ಟಚ್‌ಡೌನ್ ಹೊಡೆದರು. ನಮ್ಮ ಮನೆಯಲ್ಲಿ ಮಾತೇ ನಿಂತುಹೋಯಿತು. ಆಮೇಲೆ ನಮ್ಮ ಜೆರೆಮಾಯ ಸ್ಮಿತ್ ಪಾಸ್ ಹಿಡಿದು ಒಂದು, ಜಡ್ಕಿನ್ಸ್ ಒಂಬತ್ತು ಯಾರ್ಡ್ ಓಡಿ ಒಂದು, ವಿರಾಮಕ್ಕೆ ಅರ್ಧ ನಿಮಿಷವೂ ಇಲ್ಲದಾಗ ಕ್ವಾರ್ಟರ್‌ಬ್ಯಾಕ್ ವಿಲ್ ಹಾವರ್ಡ್ ಕೊಟ್ಟ ಪಾಸ್ ಹಿಡಿದು ಜಡ್ಕಿನ್ಸ್ ಇನ್ನೊಂದು. 21–7.

ವಿರಾಮ ಮುಗಿದು ಆಟ ಶುರುವಾಗಿ ಇನ್ನೂ ಎರಡನೇ ಆಟ. ಅಡುಗೆಮನೆಯಿಂದ ಚಹಾದ ಲೋಟಗಳು ಬರುತ್ತಿದ್ದವು. ಚೆಂಡು ಜಡ್ಕಿನ್ಸ್ ಹೊಟ್ಟೆಗೆ ಬಂತು, ಸಂದು ತೆರೆಯಿತು, ಹುಡುಗ ಹೊರಗೆ ಬಂದ. ಮುಂದೆ ಬರೀ ಹಸಿರು. 70 ಯಾರ್ಡ್! ಗೋಲ್ ಗೆರೆಯ ಹತ್ತಿರ ಹಿಡಿದು ಬೀಳಿಸಿದರು, ಸ್ವಲ್ಪ ಹೊತ್ತಿನಲ್ಲೇ ಅವನೇ ಒಂದು ಯಾರ್ಡ್ ನುಗ್ಗಿ ತನ್ನ ಮೂರನೇ ಟಚ್‌ಡೌನ್ ಹೊಡೆದ. 28–7. ಕೊನೆಗೆ ನೋಟರ್ ಡೇಮ್ ಹೋರಾಡಿ ಹತ್ತಿರ ಬಂದರೂ 34–23ರಲ್ಲಿ ಪ್ರಶಸ್ತಿ ಕೊಲಂಬಸ್‌ಗೆ ಬಂತು.

ಆ ದಿನ ಅವನು ಓಡಿದ್ದು 11 ಸಲ, ಸಿಕ್ಕಿದ್ದು 100 ಯಾರ್ಡ್. ಋತುವಿನ ಹದಿನಾರನೇ ಪಂದ್ಯದಲ್ಲಿ 70 ಯಾರ್ಡ್ ಓಡುವ ಕಾಲು ಉಳಿದದ್ದು ಹೇಗೆ? ಅಷ್ಟು ಹೊತ್ತಿಗೆ ಅರ್ಧಕ್ಕೆ ಹತ್ತಿರದಷ್ಟು ಭಾರವನ್ನು ಹೆಂಡರ್‌ಸನ್ ಹೊತ್ತಿದ್ದರಿಂದ.

ಅಂಕಿ ಕಡಿಮೆಯಾಗಿ ಅವನ ಮುಂದಿನ ಬದುಕಿಗೆ ನಷ್ಟವಾಗಲಿಲ್ಲವೇ?

ಇಲ್ಲ. 2025ರ ಏಪ್ರಿಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಜಡ್ಕಿನ್ಸ್‌ನನ್ನು 36ನೆಯವನಾಗಿ ಆರಿಸಿತು. ಹೆಂಡರ್‌ಸನ್ 38ನೆಯವನಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಹೋದ. ಚೆಂಡು ಹಂಚಿಕೊಂಡವರು ಎರಡೇ ಸ್ಥಾನದ ಅಂತರದಲ್ಲಿ ಆಯ್ಕೆಯಾದರು.

ದುಡ್ಡಿಗಾಗಿ ಬಂದ ಅನ್ನುತ್ತಾರಲ್ಲ?

2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ, ಜನಪ್ರಿಯತೆಯಿಂದ ಹಣ ಗಳಿಸಬಹುದು. ಜಾಹೀರಾತು, ಸಹಿ ಹಾಕಿದ ವಸ್ತುಗಳು, ಅಭಿಮಾನಿಗಳು ಕೂಡಿಸಿದ ನಿಧಿ, ಹೀಗೆ ದಾರಿಗಳಿವೆ. 2024ರ ತಂಡಕ್ಕೆ ಇಂಥ ಮೂಲಗಳಿಂದ ಒಟ್ಟು ಸುಮಾರು 2 ಕೋಟಿ ಡಾಲರ್ ಬಂದಿತ್ತೆಂದು ಓಹಾಯೊ ಸ್ಟೇಟ್‌ನ ಕ್ರೀಡಾ ನಿರ್ದೇಶಕ ರಾಸ್ ಬ್ಯೋರ್ಕ್ ಅವರೇ ಹೇಳಿದ್ದರು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ಒಪ್ಪಂದದಂತೆ ಆ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ, ಎಲ್ಲ ಆಟಗಳೂ ಸೇರಿ, 2.05 ಕೋಟಿ ಡಾಲರ್.

ಹಣಕ್ಕಾಗಿ ಬಂದರೆ ತಪ್ಪೇನು ಎಂದು ನಾನು ತಿರುಗಿ ಕೇಳುತ್ತೇನೆ. ಒಂದು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ತುಂಬುವ ಮೈದಾನ ಇದು. ಮೈ ಸವೆಸುವವನಿಗೆ ಪಾಲು ಸಿಗದ ಕಾಲ ದಶಕಗಟ್ಟಲೆ ನಡೆಯಿತು. ನಮ್ಮಲ್ಲಿ ಎಷ್ಟು ಮಂದಿ ಒಳ್ಳೆಯ ಸಂಬಳ ಸಿಕ್ಕಿತೆಂದು ಕಂಪನಿ ಬದಲಿಸಿ ಈ ಊರಿಗೆ ಬಂದಿಲ್ಲ?

ಕಾಲೇಜು ಬದಲಿಸಿದರೆ ಓದು ಏನಾಗುತ್ತದೆ?

ನಮ್ಮ ತಂದೆತಾಯಂದಿರು ಮೊದಲು ಕೇಳುವುದು ಇದನ್ನೇ, ಕೇಳಬೇಕಾದದ್ದೂ ಇದನ್ನೇ. ಎನ್‌ಸಿಎಎ ಮೇಲ್ದರ್ಜೆಯ ನಿಯಮದಂತೆ ಆಟಗಾರ ಎರಡನೇ ವರ್ಷದ ಕೊನೆಗೆ ಪದವಿಯ 40 ಪ್ರತಿಶತ, ಮೂರನೇ ವರ್ಷಕ್ಕೆ 60, ನಾಲ್ಕನೇ ವರ್ಷಕ್ಕೆ 80 ಪ್ರತಿಶತ ಮುಗಿಸಿರಬೇಕು. ಹಳೆಯ ಕಾಲೇಜಿನ ಎಲ್ಲ ಕ್ರೆಡಿಟ್‌ಗಳನ್ನು ಹೊಸ ಕಾಲೇಜು ಅವನು ಆರಿಸಿದ ಪದವಿಗೆ ಲೆಕ್ಕ ಹಿಡಿಯುತ್ತದೆ ಎಂಬ ಖಾತ್ರಿಯಿಲ್ಲ. ಹಾಗಾಗಿ ಎರಡು ಮೂರು ಕಾಲೇಜು ಸುತ್ತಿದವರಿಗೆ ಪದವಿ ದೂರವಾಗುವ ಅಪಾಯ ಉಂಟು. ಆಟದ ಅವಕಾಶ ಮುಗಿದು ಎನ್‌ಎಫ್‌ಎಲ್ ಕರೆಯೂ ಬರದೆ, ಪದವಿಯೂ ಕೈಗೆ ಸಿಗದೆ ನಿಲ್ಲುವ ಹುಡುಗರ ಬಗ್ಗೆ ಟೀವಿಯಲ್ಲಿ ಯಾರೂ ಮಾತಾಡುವುದಿಲ್ಲ. ಈ ವ್ಯವಸ್ಥೆಯಲ್ಲಿ ನನ್ನನ್ನು ನಿಜವಾಗಿ ಕಾಡುವ ಸಂಗತಿ ಇದೊಂದೇ.

ವಿದ್ಯಾರ್ಥಿಗಳ ಎಫ್-1 ವೀಸಾದಲ್ಲಿರುವ ನಮ್ಮ ಮಕ್ಕಳು ಆಡಿದರೆ ಈ ಹಣ ಸಿಗುತ್ತದೆಯೇ?

ಆಡಲು, ಸ್ಕಾಲರ್‌ಶಿಪ್ ಪಡೆಯಲು ತೊಂದರೆಯಿಲ್ಲ. ಜಾಹೀರಾತಿನಂಥ ದುಡಿಮೆಗೆ ವೀಸಾ ನಿಯಮ ಅಡ್ಡ ಬರುತ್ತದೆ. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಕೇಳಿಕೊಳ್ಳಿ.

ಹೊರಗಿನವನು ಬಂದರೆ, ಇಲ್ಲೇ ಕಾಯುತ್ತಿದ್ದ ಹುಡುಗರ ಗತಿ?

ಕೆಲವರು ಹೊರಡುತ್ತಾರೆ. ಓಟಗಾರ ಚಿಪ್ ಟ್ರೇನಮ್ ಜಡ್ಕಿನ್ಸ್ ಬರುವ ಮುಂಚೆಯೇ ಕೆಂಟಕಿಗೆ ಹೊರಟಿದ್ದ. ಅವನೂ ಮೊದಲು ಅರಿಜೋನಾ ಸ್ಟೇಟ್‌ನಿಂದ ಬಂದವನೇ. ಜಡ್ಕಿನ್ಸ್ ಬಂದು, 2024ರ ವಸಂತದ ಅಭ್ಯಾಸ ಮುಗಿದ ಮೇಲೆ ಡಾಲನ್ ಹೇಡನ್ ಕೊಲರಾಡೊಗೆ ಹೋದ. ಬೆಳಗಿನ ಚಳಿಯಲ್ಲಿ ಎಲ್ಲರಿಗಿಂತ ಮೊದಲು ಬಂದು, ತನ್ನ ಸರದಿ ಬರುತ್ತದೆಂದು ನಂಬಿ ಕಾದವನಿಗೆ ಒಂದು ಜನವರಿಯ ದಿನ ಸರದಿ ಇನ್ನೊಬ್ಬನಿಗೆ ಹೋಯಿತೆಂದು ತಿಳಿಯುತ್ತದೆ. ಪ್ರಶಸ್ತಿ ಬಂದ ರಾತ್ರಿಯೂ ನನಗೆ ಅವರ ನೆನಪು ಬಂತು. ಅವರಿಗೂ ಪೋರ್ಟಲ್‌ನ ಬಾಗಿಲು ತೆರೆದಿದೆ ಎಂಬುದಷ್ಟೇ ಸಮಾಧಾನ.

ಇಂಥ ಬೇರೆ ಓಟಗಾರರು ಯಾರಿದ್ದಾರೆ?

ಬೇಕಾದಷ್ಟು ಮಂದಿ. ಕೆನೆತ್ ವಾಕರ್ ವೇಕ್ ಫಾರೆಸ್ಟ್‌ನಿಂದ ಮಿಷಿಗನ್ ಸ್ಟೇಟ್‌ಗೆ ಹೋಗಿ 2021ರಲ್ಲಿ ಮಿಷಿಗನ್ ಎದುರು ಒಂದೇ ಪಂದ್ಯದಲ್ಲಿ ಐದು ಟಚ್‌ಡೌನ್ ಓಡಿದ. ಜಮೀರ್ ಗಿಬ್ಸ್ ಜಾರ್ಜಿಯಾ ಟೆಕ್ ಬಿಟ್ಟು ಅಲಬಾಮಾದಲ್ಲಿ ಒಂದು ವರ್ಷ ಆಡಿ, 2023ರ ಡ್ರಾಫ್ಟ್‌ನಲ್ಲಿ 12ನೆಯವನಾಗಿ ಡೆಟ್ರಾಯ್ಟ್ ಲಯನ್ಸ್ ಸೇರಿದ. ಕ್ಯಾಮ್ ಸ್ಕಾಟೆಬೊ ಸಣ್ಣ ಹಂತದ ಸ್ಯಾಕ್ರಮೆಂಟೊ ಸ್ಟೇಟ್‌ನಿಂದ ಅರಿಜೋನಾ ಸ್ಟೇಟ್‌ಗೆ ಬಂದು 2024ರಲ್ಲಿ 1,711 ಯಾರ್ಡ್ ಓಡಿ, ಯಾರೂ ಲೆಕ್ಕಕ್ಕಿಡದ ತಂಡವನ್ನು ಪ್ಲೇಆಫ್‌ಗೆ ಹೊತ್ತುಕೊಂಡು ಹೋದ.

ಓಹಾಯೊ ಸ್ಟೇಟ್‌ನವರಿಗೆ ಮರೆಯಲಾಗದವನು ಟ್ರೇ ಸರ್ಮನ್. ಓಕ್ಲಹೋಮಾದಿಂದ 2020ರಲ್ಲಿ ಬಂದ. ಋತುವಿನ ಮೊದಲರ್ಧದಲ್ಲಿ ‘ಇವನನ್ನು ಯಾಕೆ ತಂದರು’ ಎಂದವರೇ ಹೆಚ್ಚು. ಆಮೇಲೆ ನಾರ್ತ್‌ವೆಸ್ಟರ್ನ್ ಎದುರಿನ, ಓಹಾಯೊ ಸ್ಟೇಟ್ ಆಡುವ ಬಿಗ್ ಟೆನ್ ಕೂಟದ ಫೈನಲ್‌ನಲ್ಲಿ 331 ಯಾರ್ಡ್ ಓಡಿ ಈ ವಿಶ್ವವಿದ್ಯಾಲಯದ ಒಂದು ಪಂದ್ಯದ ದಾಖಲೆಯನ್ನೇ ಬರೆದ. ಮುಂದಿನ ಪಂದ್ಯದಲ್ಲಿ ಕ್ಲೆಮ್ಸನ್‌ನಂಥ ತಂಡದ ಎದುರು 193. ರಾಷ್ಟ್ರೀಯ ಫೈನಲ್‌ಗೆ ಬಂದು, ಅಲಬಾಮಾ ಎದುರು ಮೊದಲ ಓಟದಲ್ಲೇ ಗಾಯಗೊಂಡು ಹೊರಗೆ ಹೋದ. ಆ ತಂಡದಲ್ಲಿ ಅವನಿಗೆ ಹೆಂಡರ್‌ಸನ್‌ನಂಥ ಜೋಡಿ ಇರಲಿಲ್ಲ. 52–24ರಲ್ಲಿ ಸೋತೆವು.

ಓಹಾಯೊ ಸ್ಟೇಟ್‌ಗೆ ಮತ್ತೆ ಬೇರೆ ಕಾಲೇಜಿನಿಂದ ಒಬ್ಬ ಅನುಭವಿ ಓಟಗಾರ ಬಂದ ಅನ್ನಿ. ಮೊದಲ ಪಂದ್ಯದಲ್ಲಿ ಏನು ನೋಡಬೇಕು?

ಹಳೆಯ ಕಾಲೇಜಿನ ಯಾರ್ಡ್ ಲೆಕ್ಕ ಬದಿಗಿಡಿ. ಮೊದಲ ಪಂದ್ಯದ ಎದುರಾಳಿ ದುರ್ಬಲ ತಂಡವಾಗಿರಬಹುದಾದ್ದರಿಂದ ಅಲ್ಲಿನ ಉದ್ದನೆಯ ಓಟಕ್ಕೂ ಮರುಳಾಗಬೇಡಿ. ಮೂರನೇ ಅವಕಾಶದಲ್ಲಿ ಅವನನ್ನು ಮೈದಾನದಲ್ಲಿ ಉಳಿಸುತ್ತಾರೋ, ಹೊರಗೆ ಕರೆಯುತ್ತಾರೋ ನೋಡಿ. ಉಳಿಸಿದರೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯಲು ಕೋಚ್ ಅವನನ್ನು ನಂಬಿದ್ದಾರೆ ಎಂದರ್ಥ.

ಆಮೇಲೆ ಅವನು ಹೊರಗೆ ಬಂದು ಇನ್ನೊಬ್ಬ ಓಟಗಾರ ಒಳಗೆ ಹೋದಾಗ ಕ್ಯಾಮೆರಾ ಒಂದು ಗಳಿಗೆ ಗೆರೆಯ ಪಕ್ಕಕ್ಕೆ ತಿರುಗುತ್ತದೆ. ಹೆಲ್ಮೆಟ್ ತೆಗೆದು ಬೆಂಚಿನಲ್ಲಿ ಕೂತಿದ್ದಾನೋ, ಗೆರೆಯ ಅಂಚಿಗೆ ಬಂದು ನಿಂತು ಇನ್ನೊಬ್ಬನ ಓಟ ನೋಡುತ್ತಿದ್ದಾನೋ ಗಮನಿಸಿ.